ಬೆರಳಚ್ಚಿನ ವಿನಾಯಿತಿ

ಊರು ಇನ್ನೂ ಅಷ್ಟು ದೂರ ಇರುವಾಗಲೇ, ದಾರಿಬದಿಯ ಹುಣಸೆಮರದ ಕೆಳಗೆ ಓಬಳರಾಜು ಬೈಕು ಆಫ್ ಮಾಡಿ, ಇಳಿದು, ತಳ್ಳತೊಡಗಿದ. ಬೈಕಿಗೆ ಏನೂ ಆಗಿರಲಿಲ್ಲ. ಹುಲಿಕುಂಟೆಯಿಂದ ಇಲ್ಲಿಯವರೆಗೆ ಒಂದು ಸಲವೂ ಕೆಮ್ಮದೆ ಬಂದಿತ್ತು. ಬೆಳಿಗ್ಗೆ ಶಿರಾ ಬಿಡುವ ಮೊದಲು ಟ್ಯಾಂಕನ್ನೂ ತುಂಬಿಸಿದ್ದ. ಆದರೆ ಈ ಬೈಕಿನ ಸದ್ದು ಆ ಊರಿನ ಒಂದು ಮಗುವಿಗೆ ಗೊತ್ತಿತ್ತು. ಕಣ್ಣು ಅಷ್ಟಾಗಿ ಕಾಣದ ಯಶಸ್ವಿನಿಗೆ ಲೋಕವೆಲ್ಲ ಸದ್ದಿನಲ್ಲೇ ಇತ್ತು. ಮೂರು ವರ್ಷದಿಂದ ಗುರುವಾರ ಬಂತೆಂದರೆ, ಹುಣಸೆಮರ ದಾಟಿ ಊರಿನ ಏರಿನಲ್ಲಿ ಅವನು ಗೇರು ಬದಲಾಯಿಸುವುದು ಕೇಳಿದ್ದೇ ತಡ, ಅವಳು ಚಾಪೆಯ ಮೇಲೆ ಮೈಯನ್ನೆಲ್ಲ ಬಿಲ್ಲಿನ ಹಾಗೆ ಬಗ್ಗಿಸಿ ಕೇಕೆ ಹಾಕುತ್ತಿದ್ದಳಂತೆ. ಮೇಷ್ಟ್ರು ಬಂದರು, ಒಲೆ ಮೇಲೆ ಕಾಫಿಗಿಡಿ ಎಂದು ಮನೆಯವರಿಗೆ ತಿಳಿಯುತ್ತಿದ್ದುದೇ ಆ ಕೇಕೆಯಿಂದ. ಈಗ ಅದೇ ಸದ್ದಿಗೆ ಅವಳು ಏನು ಮಾಡುತ್ತಾಳೋ ಅವನು ನೋಡಿರಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಹೊಲದ ಬದುವಿನಿಂದ ಮೂಡಲಗಿರಿಯಪ್ಪ ಹುಲ್ಲಿನ ಹೊರೆಯೊಂದಿಗೆ ಎದ್ದುಬಂದ. ಎದುರು ಸಿಕ್ಕವರನ್ನು ಮಾತಾಡಿಸದೆ ಬಿಡುವ ಮುದುಕನಲ್ಲ ಅದು. ಪೆಟ್ರೋಲು ಕಾಲಿಯಾಯ್ತಾ ಮೇಷ್ಟ್ರೇ ಎಂದು ಕೇಳಿದ. ಓಬಳರಾಜು ಹೂಂ ಎಂದ. ಹೂಂ ಎನ್ನುವುದು ಎಷ್ಟು ಸುಲಭ ಎಂದು ಅವನಿಗೇ ಈಚೆಗೆ ಆಶ್ಚರ್ಯವಾಗತೊಡಗಿತ್ತು. ಔಷಧಿ ಹೊಡೆಯುವ ಮಿಷನ್ನಿಗೆಂದು ಒಂದು ಬಾಟಲಿ ಇಟ್ಟಿದ್ದೇನೆ, ನೀವು ನಡೆಯಿರಿ, ತಂದು ಹುಯ್ಯುತ್ತೇನೆ ಎಂದು ಮುದುಕ ಹೊರೆಯನ್ನು ಅಲ್ಲೇ ಇಳಿಸಿ ಹೊರಟೇಬಿಟ್ಟ. ಬೇಡ ಎನ್ನಲು ಓಬಳರಾಜು ಬಾಯಿ ತೆರೆದ. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು. ತಲೆತಗ್ಗಿಸಿ ತಳ್ಳಿದ. ಬಿಸಿಲಿಗೆ ಅಂಗೈ ಬೆವೆತು ಹ್ಯಾಂಡಲ್ ಜಾರುತ್ತಿತ್ತು.

ಅವನ ಹುದ್ದೆಗೆ ಆದೇಶದಲ್ಲಿ ಒಂದು ಸಾಲಿನಷ್ಟು ಉದ್ದದ ಹೆಸರಿತ್ತು. ಊರುಗಳಲ್ಲಿ ಮಾತ್ರ ಅವನು ಮನೆಗೆ ಬರೋ ಮೇಷ್ಟ್ರು. ನಡೆಯಲಾರದ, ಕೂರಲಾರದ, ಕತ್ತು ನಿಲ್ಲಿಸಲೂ ಆಗದ ಮಕ್ಕಳು ತಾಲ್ಲೂಕಿನ ಊರೂರಲ್ಲೂ ಇದ್ದರು. ಅವರ ಹೆಸರು ಶಾಲೆಯಲ್ಲಿರುತ್ತಿತ್ತು, ಮೈ ಮನೆಯಲ್ಲಿರುತ್ತಿತ್ತು. ಯಶಸ್ವಿನಿ ಹೀಗೆ ಚಾಪೆಯ ಮೇಲೆ ಮಲಗಿಕೊಂಡೇ ವರ್ಷಕ್ಕೊಂದು ತರಗತಿ ದಾಟಿ ಏಳನೆಯದಕ್ಕೆ ಬಂದಿದ್ದಳು. ಹುಟ್ಟುವಾಗ ಉಸಿರು ಸಿಕ್ಕದೆ ಮಿದುಳಿಗೆ ಪೆಟ್ಟಾದ ಮಗು. ಕಾಲು ಒಂದರ ಮೇಲೊಂದು ಬಿದ್ದು ಸೆಟೆದಿದ್ದವು. ಕೈಗಳು ಹೆಬ್ಬೆರಳನ್ನು ಒಳಗೆ ಮಡಚಿಕೊಂಡು ಹಗಲೂ ರಾತ್ರಿ ಮುಷ್ಟಿಯಾಗಿಯೇ ಇರುತ್ತಿದ್ದವು. ಮೊದಲ ದಿನ ಅವನು ಆ ಬಲಗೈ ಮುಷ್ಟಿಯನ್ನು ಎತ್ತಿ ನೋಡಿದಾಗ ಕೊಳೆತ ವಾಸನೆ ಬಂದಿತ್ತು. ಉಗುರು ನೆಟ್ಟು ಅಂಗೈಯಲ್ಲಿ ಹುಣ್ಣಾಗಿತ್ತು. ತೊಳೆಯೋಕೇ ಬಿಡುವುದಿಲ್ಲ, ಬಲವಂತ ಮಾಡಿದರೆ ಕಿರುಚಿಕೊಳ್ಳುತ್ತಾಳೆ ಎಂದು ತಾಯಿ ಗಂಗಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೇಳಿದ್ದಳು. ಬಲವಂತ ಮಾಡಲೇಬಾರದಮ್ಮ, ಕೈ ತಾನಾಗಿ ಬಿಡಬೇಕು, ನಾವು ಕಾಯಬೇಕು ಎಂದು ಅವಳಿಗೆ ಹೇಳಿಕೊಟ್ಟವನು ಇವನೇ.

ಕಾದರು. ಬಿಸಿನೀರು, ಹರಳೆಣ್ಣೆ, ಮಣಿಕಟ್ಟನ್ನು ಮೆಲ್ಲಗೆ ಕೆಳಗೆ ಬಾಗಿಸುವುದು. ಬಾಗಿಸಿದರೆ ಬೆರಳು ಸ್ವಲ್ಪ ಸಡಿಲಾಗುತ್ತದೆ, ಆ ಸಡಿಲಿಕೆಯಲ್ಲಿ ಒಂದು ಕಡಲೆಕಾಯಿ ಒಳಗಿಡುವುದು. ಆಮೇಲೆ ತನ್ನ ಅಂಗೈಯನ್ನು ಅವಳ ಮುಷ್ಟಿಯ ಕೆಳಗೆ ಹಿಡಿದು 'ಕೊಡವ್ವ' ಎನ್ನುವುದು. ಎಂದು ಸುಮ್ಮನೆ ಕೂರುವುದು. ಪಾಠ ಅಂದರೆ ಇಷ್ಟೇ. ಒಂದು ಸುಗ್ಗಿ ಹೋಗಿ ಇನ್ನೊಂದು ಸುಗ್ಗಿಯ ಕಡಲೆಕಾಯಿ ಮನೆಗೆ ಬಂತು. ಅಜ್ಜಿ ಮುದ್ದಕ್ಕ ಬಾಗಿಲಲ್ಲಿ ಕೂತು, ಇದೂ ಒಂದು ಸರ್ಕಾರಿ ಕೆಲಸವೇನಪ್ಪಾ, ನಂಗೂ ಒಂದು ಕೊಡಿಸು ಎಂದು ರೇಗಿಸುತ್ತಿದ್ದಳು. ಹಾಗಿರುವಾಗ ಒಂದು ಗುರುವಾರ, ಅವನು ಬೇರೇನನ್ನೋ ಯೋಚಿಸುತ್ತ ಕೂತಿದ್ದಾಗ, ಅಂಗೈಗೆ ಏನೋ ಬಿತ್ತು. ಬೆಚ್ಚಗಿನ, ಬೆವರಿನಿಂದ ಒದ್ದೆಯಾದ ಒಂದು ಕಡಲೆಕಾಯಿ. 'ಭೇಷ್!' ಎಂದು ಅವನು ಕೂಗಿದ ರಭಸಕ್ಕೆ ಹೊರಗಿದ್ದ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಮುದ್ದಕ್ಕ ಎದ್ದುಬಂದು ಮೊಮ್ಮಗಳ ಮುಖ ನೀವಿ ತನ್ನ ಕಿವಿಯ ಹತ್ತಿರ ಬೆರಳು ಮಡಚಿ ಲಟಲಟನೆ ನೆಟಿಗೆ ಮುರಿದಳು. ಅಂದಿನಿಂದ ಯಶಸ್ವಿನಿ ಕೊಡುವುದನ್ನು ಕಲಿತಳು. ಕೊಟ್ಟು, ಮುಖವನ್ನು ಸದ್ದಿನ ಕಡೆಗೆ ಎತ್ತಿ, ಭೇಷ್ ಎನ್ನುವವರೆಗೂ ಕಾಯುತ್ತಿದ್ದಳು. ಅಂದ ಮೇಲೆಯೇ ನಗು. ಅಂಗೈಯ ಹುಣ್ಣು ಒಣಗಿತು. ಮಾತಿಲ್ಲದ ಹುಡುಗಿಗೆ ಅದೊಂದು ಮಾತು ಬಂದಿತ್ತು.

ಇಷ್ಟಾದ ಮೇಲೆ ನಂಬರು ಬಂತು. ದೇಶದಲ್ಲಿ ಓದುವ ಪ್ರತಿಯೊಂದು ಮಗುವಿಗೂ ಒಂದು ನಂಬರು, ಸಾಯುವತನಕ ಅದೇ ನಂಬರು. ನಂಬರು ಹುಟ್ಟಬೇಕಾದರೆ ಆಧಾರ್ ಸರಿಯಿರಬೇಕು, ಆಧಾರ್ ಸರಿಯಾಗಬೇಕಾದರೆ ಬೆರಳಚ್ಚು ಬೇಕು. ಬೆರಳಚ್ಚು ಕೊಡಲಾಗದ ಮಕ್ಕಳಿಗೆ ವಿನಾಯಿತಿ ಉಂಟು, ವೈದ್ಯರ ಪತ್ರ ಲಗತ್ತಿಸಿ ಕಾರಣ ಬರೆದರೆ ಸಾಕು, ನಂಬರಿಲ್ಲವೆಂದು ಯಾವ ಮಗುವಿನ ಪಾಠವೂ ಸವಲತ್ತೂ ನಿಲ್ಲಕೂಡದು ಎಂದು ಸುತ್ತೋಲೆ ಸ್ಪಷ್ಟವಾಗಿ ಹೇಳಿತ್ತು. ಓಬಳರಾಜುವಿಗೆ ಅದು ಗೊತ್ತಿತ್ತು. ಸಭೆಯಲ್ಲಿ ಅದನ್ನು ಎದ್ದುನಿಂತು ಗಟ್ಟಿಯಾಗಿ ಓದಿದವನೇ ಅವನು. ಆದರೆ ಸಭೆಯ ಗೋಡೆಯ ಪರದೆಯ ಮೇಲೆ ವಿನಾಯಿತಿ ಪಡೆದ ಮಗುವೂ ಬಾಕಿ ಉಳಿದ ಮಗುವಿನ ಹಾಗೆ ಕೆಂಪಾಗಿಯೇ ಕಾಣುತ್ತಿತ್ತು. ಆ ಕೆಂಪಿನ ಪಕ್ಕದಲ್ಲಿ ಜವಾಬ್ದಾರಿ ಹೊತ್ತವನ ಹೆಸರು. ಸಂಯೋಜಕ ನಾಗಭೂಷಣ್ ಕೆಟ್ಟವನಲ್ಲ. ಅವನಿಗೆ ಮೇಲಿನವನು ಫೋನು ಮಾಡುತ್ತಿದ್ದ, ಆ ಮೇಲಿನವನಿಗೆ ಅದಕ್ಕೂ ಮೇಲಿನವನು. ಅವತ್ತು ಅವನು ನಗುತ್ತಲೇ ಅಂದದ್ದು. ಎಲ್ಲಾರ್ಗೂ ವಿನಾಯಿತಿ ಕೊಟ್ಕೊಂಡು ಕೂತ್ರೆ ನಿಮಗೂ ಒಂದಿನ ವಿನಾಯಿತಿ ಕೊಟ್ಟು ಮನೆಗೆ ಕಳಿಸಬೇಕಾಗುತ್ತೆ ಓಬಳರಾಜು ಅವರೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದೇನು ದೊಡ್ಡ ಮಾತಲ್ಲ, ಸಭೆಗಳಲ್ಲಿ ಅದಕ್ಕಿಂತ ಕೆಟ್ಟದ್ದನ್ನು ಕೇಳಿ ಒರೆಸಿಕೊಂಡವನು. ಆದರೆ ಆ ಕಿಸಕ್ಕೆಂಬುದು ರಾತ್ರಿ ಊಟದ ತಟ್ಟೆಯ ಮುಂದೆಯೂ ಕೇಳಿಸಿತು. ಬೆಳಿಗ್ಗೆ ಎದ್ದು ಗಂಗಲಕ್ಷ್ಮಿಗೆ ಫೋನು ಮಾಡಿ, ನಂಬರು ಆಗದಿದ್ದರೆ ಮಗುವಿನ ಸವಲತ್ತು ನಿಲ್ಲಬಹುದಮ್ಮ, ಶಿರಾಕ್ಕೆ ಕರೆದುಕೊಂಡು ಹೋಗೋಣ ಎಂದ. ನಿಲ್ಲುತ್ತದೆ ಎನ್ನಲಿಲ್ಲ, ನಿಲ್ಲಬಹುದು ಎಂದ. ಆ 'ಬಹುದು' ತನ್ನನ್ನು ಕಾಪಾಡುತ್ತದೆ ಎಂದು ಅವನ ಲೆಕ್ಕ.

ಬಸ್ಸಿನಲ್ಲಿ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದವನು ಅವನೇ. ತಂದೆ ರಂಗೇಶ್ ಕೊರಟಗೆರೆ ಕಡೆಗೆ ಟೆಂಪೋ ಹೊಡೆಯಲು ಹೋಗಿದ್ದ. ಬಸ್ಸಿನ ಎಂಜಿನ್ ಗುಡುಗಿದಾಗಲೆಲ್ಲ ಯಶಸ್ವಿನಿ ನಕ್ಕಳು. ಅವಳ ನಗು ನೋಡಿ ಎದುರಿನ ಸೀಟಿನ ಹೆಂಗಸರೂ ನಕ್ಕರು. ಆಧಾರ್ ಕೇಂದ್ರದಲ್ಲಿ ಬಾಗಿಲಾಚೆಯವರೆಗೂ ಸಾಲು. ಜನ ದಾರಿ ಬಿಟ್ಟರು, ದಾರಿ ಬಿಟ್ಟು ನೋಡುತ್ತ ನಿಂತರು. ಆಪರೇಟರು ಮುಷ್ಟಿಯನ್ನು ಒಮ್ಮೆ ನೋಡಿ, ಬೆರಳನ್ನು ಮುಟ್ಟಲೂ ಇಲ್ಲ. 'ಜಬರ್ದಸ್ತಿ ಬ್ಯಾಡ ಬುಡಿ ಸಾರ್, ಇಂಥೋರ್ಗೆ ಬೆರಳು ಇಲ್ದೇನೇ ಆಯ್ತದೆ. ಡಾಕ್ಟ್ರು ಪತ್ರ ತಂದ್ಕೊಡಿ, ಒಂದ್ ತಿಂಗ್ಳು ತಡ ಆಗ್ಬೋದು ಅಷ್ಟೇ' ಎಂದ. ಅಷ್ಟೇ. ಅಲ್ಲಿಗೆ ಮುಗಿಯಬೇಕಾಗಿತ್ತು. ಒಂದು ತಿಂಗಳು ತಡ ಎಂದದ್ದು ಕೇಳಿ, ಇನ್ನೊಂದು ಸಭೆಯ ಕೆಂಪು ನೆನಪಾಗಿ ಓಬಳರಾಜು ನಿಂತ. ಆದರೆ ಬರೀ ಅದೇ ಆಗಿದ್ದರೆ ಅವನು ತನ್ನನ್ನು ಕ್ಷಮಿಸಿಕೊಂಡು ಬಿಡುತ್ತಿದ್ದನೇನೋ. ಸಾಲಿನಲ್ಲಿ ನಿಂತ ಅಷ್ಟೂ ಜನ ನೋಡುತ್ತಿದ್ದರು. ಯಾರಿಗೂ ಬಿಚ್ಚದ ಕೈ ತನಗೆ ಬಿಚ್ಚುತ್ತದೆ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. 'ಇರಿ, ನಂಗೆ ಕೊಡ್ತಾಳೆ' ಎಂದು ಅವನು ಅಂದ. ಎಷ್ಟು ಜಂಬದಿಂದ ಅಂದ.

ಅಂಗೈ ಒಡ್ಡಿ, ಅದೇ ದನಿಯಲ್ಲಿ 'ಕೊಡವ್ವ' ಎಂದ. ಆ ಗದ್ದಲದಲ್ಲೂ ಅವಳಿಗೆ ಕೇಳಿಸಿತು. ಬೆರಳುಗಳು ಒಂದೊಂದಾಗಿ, ನಿಧಾನವಾಗಿ ಬಿಚ್ಚಿದವು. ಕೊಡಲು ಒಳಗೆ ಏನೂ ಇರಲಿಲ್ಲ, ಆದರೂ ಕೊಟ್ಟಳು. ಮುಖ ಎತ್ತಿದಳು. ಅವನು ಭೇಷ್ ಎನ್ನಲಿಲ್ಲ. ಆ ಬಿಚ್ಚಿದ ಕೈಯನ್ನು ತಿರುವಿ ಗಾಜಿನ ಮೇಲೆ ಒತ್ತಿದ. ಗಾಜು ತಣ್ಣಗಿದ್ದಿರಬೇಕು, ಯಂತ್ರ ಕೀಂ ಎಂದಿತು, ಅವಳು ಬೆಚ್ಚಿಬಿದ್ದು ಮುಷ್ಟಿ ಬಿಗಿದಳು. ಇನ್ನೇನು ಆಗಿಬಿಟ್ಟಿತ್ತಲ್ಲ ಎಂದು ಅವನು ಬೆರಳ ಸಂದಿಗೆ ಹೆಬ್ಬೆಟ್ಟು ತೂರಿಸಿ ಎಳೆದ. ಆಪರೇಟರು ಏನೋ ಅಂದ. ಲಟಕ್ಕೆಂಬ ಸದ್ದಾಯಿತು. ಆ ಒಂದು ಗಳಿಗೆ, ದೇವರಾಣೆ, ಮುದ್ದಕ್ಕ ಇಲ್ಲೇ ಎಲ್ಲೋ ನೆಟಿಗೆ ಮುರಿದಳು ಎಂದೇ ಅವನಿಗೆ ಅನಿಸಿದ್ದು. ಯಶಸ್ವಿನಿ ಬಾಯಿ ತೆರೆದಳು, ಬಹಳ ಹೊತ್ತು ಅದರಿಂದ ಏನೂ ಹೊರಡಲಿಲ್ಲ. ಅಷ್ಟರಲ್ಲಿ ಯಂತ್ರ ಬೆರಳನ್ನು ಒಪ್ಪಿಕೊಂಡಿತ್ತು. ಪರದೆಯ ಮೇಲೆ ಹಸಿರು ಗುರುತು ಮೂಡಿತು, ಆಮೇಲೆ ಆ ಕೂಗು ಬಂತು. ಗಂಗಲಕ್ಷ್ಮಿ ಮಗಳನ್ನು ಅವನ ಕೈಯಿಂದ ಎತ್ತಿಕೊಂಡಳು.

ಆಸ್ಪತ್ರೆಯಲ್ಲಿ ಎರಡು ಬೆರಳಿಗೆ ಪಟ್ಟಿ ಕಟ್ಟಿದರು. ಆಮೇಲಿನ ಗುರುವಾರಗಳಲ್ಲಿ ಅವನು ಬೇರೆ ಊರಿಗೆ ಹೋದ, ಜ್ವರ ಎಂದ, ಸಭೆ ಎಂದ. ಮನೆಯಲ್ಲಿ ಒಂದು ಸಂಜೆ ಹೆಂಡತಿ ಲಕ್ಷ್ಮೀದೇವಿ ಹೊಸ ಲಂಗ ತೊಟ್ಟ ಮಗಳ ಮುಖ ನೀವಿ ನೆಟಿಗೆ ಮುರಿದಾಗ, ನಿಲ್ಲಿಸೇ ಅದನ್ನ ಎಂದು ಊರಿಗೆಲ್ಲ ಕೇಳುವ ಹಾಗೆ ಕಿರುಚಿದ. ತಾಯಿ ಮಗಳು ಅವನ ಮುಖವನ್ನೇ ನೋಡುತ್ತ ನಿಂತರು. ಹಾಗೆ ನಿಂತ ಮಗಳು ಕೈಬೆರಳುಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು ಎಂದು ಅವನಿಗೆ ಕಂಡಿತು. ಅದು ನಿಜವೋ ಅವನ ಭ್ರಮೆಯೋ. ನಿನ್ನೆ ಯಶಸ್ವಿನಿಯ ನಂಬರು ಬಂತು. ಪರದೆಯಲ್ಲಿ ಅವನ ಹೆಸರಿನ ಪಕ್ಕ ಹಸಿರಾಯಿತು. ನಾಗಭೂಷಣ್ ಎಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸಿದ. ಮನಸ್ಸಿದ್ದರೆ ವಿನಾಯಿತಿಯ ಅಗತ್ಯವೇ ಬೀಳುವುದಿಲ್ಲ ಎನ್ನುವುದಕ್ಕೆ ಇವರೇ ಸಾಕ್ಷಿ ಎಂದ. ಮಗು ಕೈಯಲ್ಲಿ ನಂಬರಿನ ಕಾರ್ಡು ಹಿಡಿದಿರುವ ಒಂದು ಫೋಟೋ ಕಳಿಸಿ, ಮೇಲಿನವರಿಗೆ ತೋರಿಸೋಣ ಎಂದೂ ಅಂದ. ಚಪ್ಪಾಳೆಯ ಮಧ್ಯೆ ಓಬಳರಾಜು ಹೂಂ ಎಂದಿದ್ದ.

ಅಂಗಳದಲ್ಲಿ ಮುದ್ದಕ್ಕ ಬೀಜದ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ಬೈಕು ತಳ್ಳಿಕೊಂಡು ಬರುವವನನ್ನು ದೂರದಿಂದಲೇ ಕಂಡು ಕೈ ಎತ್ತಿ ತಡೆದಳು. ಅವನು ಬೇವಿನಮರದ ಹತ್ತಿರವೇ ನಿಂತ. ಅವಳು ಮಂಡಿ ಹಿಡಿದು ಎದ್ದು ಹತ್ತಿರ ಬಂದು, ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿದಳು. 'ಒಳಗೆ ನಿನ್ ದನಿ ಕೇಳ್ಸೋದು ಬ್ಯಾಡ ಕಣಪ್ಪ. ಯಾವ್ ಬೈಕು ಬಂದ್ರೂವೆ ಮೈಯೆಲ್ಲ ಮರದಂಗ್ ಮಾಡ್ಕಂತಾಳೆ.' ಬೈಗುಳವಿರಲಿಲ್ಲ ಅದರಲ್ಲಿ. ಬಿಸಿಲಿದೆ, ನೆರಳಿಗೆ ಬಾ ಎನ್ನುವ ಹಾಗೆಯೇ ಇತ್ತು. ಬೈದಿದ್ದರೆ ಅವನಿಗೆ ಉಸಿರು ಬರುತ್ತಿತ್ತು.

ಗಂಗಲಕ್ಷ್ಮಿ ಕಾಫಿ ತಂದಳು. ಮೊದಲೆಲ್ಲ ಮನೆಯವರು ಕುಡಿಯುವ ಲೋಟದಲ್ಲೇ ಕೊಡುತ್ತಿದ್ದವಳು, ಸುಟ್ಟ ರೊಟ್ಟಿಯಿದ್ದರೆ ಅದನ್ನೂ ಕೇಳದೆ ಕೈಗಿಡುತ್ತಿದ್ದವಳು, ಇವತ್ತು ನೆಂಟರಿಗೆ ತೆಗೆದಿಡುವ ಹೊಳೆಯುವ ಲೋಟ ತಂದಿದ್ದಳು. ಅವನು ಕಾರ್ಡು ಕೊಟ್ಟ. ಅವಳು ಕೈ ಒರೆಸಿಕೊಂಡು ತೆಗೆದುಕೊಂಡು ನೋಡಿದಳು. ಫೋಟೋ ಅವತ್ತೇ, ಅದಕ್ಕೆ ಮುಂಚೆ ತೆಗೆದದ್ದು. ಅದರಲ್ಲಿ ಯಶಸ್ವಿನಿ ನಗುತ್ತಿದ್ದಳು. ಇನ್ನು ಏನೂ ನಿಲ್ಲುವುದಿಲ್ಲ ಎಂದು ಅವನು ಹೇಳಲು ಹೊರಟ, ದನಿ ಎತ್ತಬಾರದೆಂಬುದು ನೆನಪಾಗಿ ಅರ್ಧಕ್ಕೆ ನಿಂತ. ಗಂಗಲಕ್ಷ್ಮಿ ಕಾರ್ಡಿನಿಂದ ಕಣ್ಣೆತ್ತದೆ ಮಾತಾಡಿದಳು.

'ಅವತ್ತು ಆ ಹುಡ್ಗ, ಬುಡಿ ಸಾರ್, ಬೆರಳಿಲ್ದೇನೇ ಆಯ್ತದೆ ಅಂದ್ನಲ್ಲ ಸಾ. ನಂಗೂ ಕೇಳ್ಸ್ತು. ಓದಿರೋರು ನೀವಿರೋವಾಗ ನಾನ್ಯಾಕೆ ಬಾಯಾಕ್ಲಿ ಅಂತ ಸುಮ್ಕಾದೆ. ಹೆತ್ತೋಳು ನಾನು, ಅದೇ ನನ್ ತಪ್ಪು.'

ಅವಳು ತನ್ನನ್ನು ದೂರುವುದನ್ನು ಕೇಳಲು ಅವನು ಇಷ್ಟು ದಿನ ಹೆದರಿದ್ದ. ಅವಳು ತನ್ನನ್ನೇ ದೂರಿಕೊಳ್ಳುತ್ತಿದ್ದಳು ಎಂಬುದು ಅವನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಕಾಫಿಯ ಲೋಟವನ್ನು ಕೆಳಗಿಟ್ಟ. 'ಇಲ್ಲಮ್ಮ. ನಾನು ಸುಳ್ಳು ಹೇಳಿದ್ದೆ. ನಂಬರ್ ಇಲ್ದಿದ್ರೂ ಏನೂ ನಿಲ್ತಿರಲಿಲ್ಲ' ಎಂದ. ಅದು ಪಿಸುಮಾತಿನಲ್ಲಿ ಹೊರಬಂತು. ಇಂಥ ಮಾತನ್ನು ಪಿಸುಮಾತಿನಲ್ಲಿ ಹೇಳಬೇಕಾಗಿ ಬಂದದ್ದು ಅವನಿಗೆ ಇನ್ನೊಂದು ಅವಮಾನವಾಗಿ ಕಂಡಿತು, ಹಾಗೆ ಕಂಡದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಗಂಗಲಕ್ಷ್ಮಿ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕ್ಷಮಿಸಿದೆ ಎಂದಾಗಲಿ, ಹೊರಟು ಹೋಗಿ ಎಂದಾಗಲಿ ಅವಳು ಹೇಳಲಿಲ್ಲ. ಅಂಗೈ ಮತ್ತೆ ಹುಣ್ಣಾಗಿದೆ, ಒಬ್ಬಳ ಕೈಯಲ್ಲಿ ತೊಳೆಯಲು ಆಗುತ್ತಿಲ್ಲ, ಅತ್ತೆಯ ಕೈ ನಡುಗುತ್ತದೆ ಎಂದಳು. ನಿನ್ನೆಯಿಂದ ತನ್ನೊಬ್ಬಳಿಗೆ ಮಾತ್ರ ಬೆರಳು ಒಂಚೂರು ಬಿಡುತ್ತಿದ್ದಾಳೆ, ಇನ್ನೊಂದು ಕೈ ಇದ್ದಿದ್ದರೆ ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ, ಬನ್ನಿ, ಮಾತು ಮಾತ್ರ ಆಡಬೇಡಿ ಎಂದಳು.

ಒಳಗೆ ತಂಪಿತ್ತು. ಯಶಸ್ವಿನಿ ಅದೇ ಚಾಪೆಯ ಮೇಲೆ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಇಳಿದಿದ್ದಳು. ಓಬಳರಾಜು ಉಸಿರನ್ನೂ ಅಳೆದು ಬಿಡುತ್ತ ಅವಳ ಬೆನ್ನ ಹಿಂದೆ ಕೂತ. ಮೂರು ವರ್ಷ ತನ್ನ ಹೆಜ್ಜೆಗೆ ಕೇಕೆ ಹಾಕಿದವಳ ಪಕ್ಕದಲ್ಲಿ ಕಳ್ಳನ ಹಾಗೆ ಕೂರುವುದು ಹೇಗಿರುತ್ತದೆ ಎಂದು ಅವನಿಗೆ ಗೊತ್ತಾಯಿತು. ಗಂಗಲಕ್ಷ್ಮಿ ಬಿಸಿನೀರಿನ ಬೋಗುಣಿ ಇಟ್ಟು, ಏನೇನೋ ಗುನುಗುತ್ತ, ಬಲ ಮುಷ್ಟಿಯನ್ನು ಎತ್ತಿಕೊಂಡಳು. ಅದೇ ವಾಸನೆ ಬಂತು, ಮೊದಲ ದಿನದ್ದು. ಅವನು ಮೊಣಕೈಯ ಕೆಳಗೆ ತನ್ನ ಕೈ ಕೊಟ್ಟು ಆನಿಸಿ ಹಿಡಿದ. ತಾಯಿ ಮಣಿಕಟ್ಟನ್ನು ಅವನು ಕಲಿಸಿದ ಹಾಗೆಯೇ ಬಾಗಿಸಿದಳು, ಸಂದಿಯಲ್ಲಿ ಬಟ್ಟೆಯ ಚೂರು ಹಾಯಿಸಿ ಒಳಗಿನದನ್ನು ಮೆಲ್ಲಗೆ ಒರೆಸಿದಳು. ಅವನು ಎಳೆದ ಬೆರಳು ಈಗ ಒಂದು ಕಡೆ ವಾಲಿ ಕೂತಿತ್ತು. ಅದನ್ನು ನೋಡಬಾರದು ಎಂದುಕೊಂಡು ಅದನ್ನೇ ನೋಡಿದ. ಜೇಬಿನಲ್ಲಿ ಫೋನು ಸದ್ದಿಲ್ಲದೆ ಅದುರಿತು, ನಿಂತಿತು, ಮತ್ತೆ ಅದುರಿತು. ನಾಗಭೂಷಣ್ ಫೋಟೋ ಕೇಳುತ್ತಿರಬೇಕು.

ಒರೆಸಿ ಮುಗಿದ ಮೇಲೆ ಗಂಗಲಕ್ಷ್ಮಿ ಒಂದು ಕಡಲೆಕಾಯಿ ತೆಗೆದು ಆ ಮುಷ್ಟಿಯೊಳಗೆ ಇಟ್ಟಳು. ತನ್ನ ಅಂಗೈ ಒಡ್ಡಲು ಹೋದವಳು ಏನನಿಸಿತೋ ನಿಲ್ಲಿಸಿ, ಓಬಳರಾಜುವಿನ ಕೈ ಹಿಡಿದು ಮಗಳ ಮುಷ್ಟಿಯ ಕೆಳಗೆ ತಂದಿಟ್ಟಳು. ಅವನು ಬೇಡವೆಂದು ತಲೆಯಾಡಿಸಿದ. ಅವಳು ಬಿಡಲಿಲ್ಲ. ಕೊಡವ್ವ ಎಂದು ಯಾರೂ ಅನ್ನಲಿಲ್ಲ; ಆ ಮಾತು ಆ ಮನೆಯಲ್ಲಿ ಇನ್ನು ಆಡುವ ಹಾಗಿರಲಿಲ್ಲ. ಕಾದರು. ಹೊರಗೆ ಮುದ್ದಕ್ಕ ಸಿಪ್ಪೆ ಒಡೆಯುವ ಸದ್ದು ಬರುತ್ತಿತ್ತು. ಕಿರುಬೆರಳು ಒಂಚೂರು ಎದ್ದಿತು, ಹೆದರಿ ಮತ್ತೆ ಮಲಗಿತು. ಬಹಳ ಹೊತ್ತಾಯಿತು. ಆಮೇಲೆ ಅವನ ಅಂಗೈಗೆ ಕಡಲೆಕಾಯಿ ಬಿತ್ತು, ಬೆಚ್ಚಗೆ, ಒದ್ದೆಯಾಗಿ. ಅವಳು ಅದನ್ನು ತಾಯಿಗೆ ಕೊಟ್ಟಿದ್ದಳು.

ಕೊಟ್ಟವಳು ಮುಖ ಎತ್ತಿದಳು. ಕತ್ತು ನಡುಗುತ್ತಿದ್ದರೂ ಎತ್ತಿಯೇ ಹಿಡಿದಳು. ಭೇಷ್ ಎಂಬ ಮಾತಿಗೆ ಕಾಯುತ್ತಿದ್ದಳು. ಆ ಮಾತು ಮೊದಲಿನಿಂದಲೂ ಓಬಳರಾಜುವಿನದು, ತಾಯಿ ಎಂದೂ ಅಂದವಳಲ್ಲ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅವನನ್ನು ನೋಡಿದಳು, ಅವನು ಅವಳನ್ನು ನೋಡಿದ. ಮಾತು ಅವನ ಗಂಟಲಿನಲ್ಲೇ ಇತ್ತು. ಅವನ ದನಿ ಕೇಳಿದರೆ ಆ ಕೈ ಮುಚ್ಚುತ್ತದೆ, ತಾಯಿಗೂ ಮತ್ತೆ ಬಿಚ್ಚದ ಹಾಗೆ ಮುಚ್ಚುತ್ತದೆ. ಹಲ್ಲು ಕಚ್ಚಿ ಕೂತ. ಯಶಸ್ವಿನಿ ಮುಖವನ್ನು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ತಿರುಗಿಸಿದಳು. ಸ್ವಲ್ಪ ಹೊತ್ತು ಕಾದು, ಯಾರೂ ಏನೂ ಅನ್ನದಿದ್ದಾಗ, ತಲೆಯನ್ನು ಮೆಲ್ಲಗೆ ಚಾಪೆಗೆ ಇಳಿಸಿಕೊಂಡಳು.

ಹೊರಗೆ ಬಂದು ಅವನು ಕಣ್ಣು ಒರೆಸಿಕೊಂಡ. ಫೋಟೋ ಆಗುವುದಿಲ್ಲ ಎಂದು ನಾಗಭೂಷಣನಿಗೆ ಬರೆದು ಫೋನನ್ನು ಆರಿಸಿದ. ಗಂಗಲಕ್ಷ್ಮಿ ಬಾಗಿಲವರೆಗೆ ಬಂದಳು. ಮುಂದಿನ ಗುರುವಾರದ ಮಾತನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ಬೈಕಿನ ಸ್ಟ್ಯಾಂಡ್ ತೆಗೆಯುವಾಗ ಅವಳೇ ಹೇಳಿದಳು. 'ಬರೋದಾದ್ರೆ ಇಂಗೇ ಬನ್ನಿ ಸಾ.'

ಅಂಗಳ ದಾಟುವಷ್ಟರಲ್ಲಿ ಮೂಡಲಗಿರಿಯಪ್ಪ ಬಾಟಲಿ ಹಿಡಿದುಕೊಂಡು ಏದುಸಿರು ಬಿಡುತ್ತ ಎದುರಾದ. ತಡವಾಯಿತು ಮೇಷ್ಟ್ರೇ ಎನ್ನುತ್ತ, ಇವನು ತಡೆಯುವುದರೊಳಗೆ ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಿದ. ಒಳಗೆ ಪೆಟ್ರೋಲು ಕುತ್ತಿಗೆಯವರೆಗೂ ತುಳುಕುತ್ತಿತ್ತು. ಮುದುಕ ಅದನ್ನು ನೋಡಿದ, ಓಬಳರಾಜುವಿನ ಮುಖ ನೋಡಿದ, ಹಿಂದಿನ ಮನೆಯ ಬಾಗಿಲನ್ನು ನೋಡಿದ. ಎದುರು ಸಿಕ್ಕವರನ್ನು ಮಾತಾಡಿಸದೆ ಬಿಡದ ಮುದುಕ ಒಂದು ಮಾತೂ ಆಡದೆ ಮುಚ್ಚಳ ತಿರುಗಿಸಿದ. ಬಾಟಲಿಯನ್ನು ಪಂಚೆಯ ಮಡಿಲಿಗೆ ಸಿಕ್ಕಿಸಿಕೊಂಡು, ಹಿಂದೆ ಬಂದು, ಬೈಕಿನ ಕ್ಯಾರಿಯರಿಗೆ ಎರಡೂ ಕೈ ಹಚ್ಚಿ ತಳ್ಳತೊಡಗಿದ. ಇಬ್ಬರೂ ಹಾಗೆಯೇ ನಡೆದರು. ಚಕ್ರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹುಣಸೆಮರ ಬಂದಾಗ ಮುದುಕ ಕೈ ತೆಗೆದು, ಮೈ ನೆಟ್ಟಗೆ ಮಾಡಿಕೊಂಡ.

'ಇಲ್ಲಿ ಸ್ಟಾಟ್ ಮಾಡಿ ಮೇಷ್ಟ್ರೇ. ಇಲ್ಲಿಂದ ಆ ಮಗೀಗೆ ಕೇಳ್ಸಲ್ಲ' ಎಂದ.

ಓಬಳರಾಜು ಬೈಕು ಹತ್ತಿದ, ಕಿಕ್ಕರಿನ ಮೇಲೆ ಕಾಲಿಟ್ಟ. ಎಡಗೈಯ ಮುಷ್ಟಿಯೊಳಗೆ ಆ ಕಡಲೆಕಾಯಿ ಹಾಗೇ ಇತ್ತು. ಕ್ಲಚ್ಚು ಹಿಡಿಯಬೇಕಾದರೆ ಅದನ್ನು ಬಿಡಬೇಕಾಗಿತ್ತು, ಅವನು ಬಿಡಲಾರದೆ ನಿಂತ.